ಫಿಶ್ ಟ್ಯಾಂಕಿನ ಓವರ್‌ಫ್ಲೋ ಸದ್ದು ಇಳಿಸುವುದು ಹೇಗೆ?

ದೊಡ್ಡ ಫಿಶ್ ಟ್ಯಾಂಕಿಗೆ ಓವರ್‌ಫ್ಲೋ ಮತ್ತು ಸಂಪ್ ಹಾಕಿಸಿದ ಮನೆಗಳಲ್ಲಿ ದೂರು ಶುರುವಾಗುವುದು ರಾತ್ರಿ. ಹಗಲು ಏನೂ ಅನ್ನಿಸುವುದಿಲ್ಲ. ಟಿವಿ ಆಫ್ ಆಗಿ, ಬೀದಿಯ ಗಲಾಟೆ ಅಡಗಿದ ಮೇಲೆ ಟ್ಯಾಂಕ್ ಇರುವ ಕೋಣೆಯಿಂದ ನೀರು ಸುರಿಯುವ ಸದ್ದು ಕೇಳುತ್ತದೆ. ಪೈಪಿನೊಳಗೆ ಗುಳುಗುಳು. ಆಗಾಗ ಸೊರ್ರನೆ ಎಳೆದುಕೊಂಡ ಹಾಗೆ ಒಂದು ಶಬ್ದ. ನಿದ್ದೆ ಕೆಟ್ಟವರು ಕೊನೆಗೆ ರಾತ್ರಿ ಪಂಪನ್ನೇ ಆಫ್ ಮಾಡಿ ಮಲಗುತ್ತಾರೆ.

ದಯವಿಟ್ಟು ಹಾಗೆ ಮಾಡಬೇಡಿ. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ಕಡಿಮೆ ವಿಷದ ರೂಪಕ್ಕೆ ಬದಲಿಸುವ ಬ್ಯಾಕ್ಟೀರಿಯಾ ಸಂಪಿನ ಫಿಲ್ಟರ್ ಮೀಡಿಯಾದಲ್ಲಿ ಇರುತ್ತದೆ. ಅದಕ್ಕೆ ಆಮ್ಲಜನಕ ಬೇಕು, ನೀರು ಹರಿಯುತ್ತಿದ್ದರೆ ಮಾತ್ರ ಸಿಗುತ್ತದೆ. ಟ್ಯಾಂಕಿನಲ್ಲಿ ಗಿಡಗಳಿದ್ದರೆ ರಾತ್ರಿ ಅವೂ ಆಮ್ಲಜನಕವನ್ನೇ ಬಳಸುತ್ತವೆ. ಅಂದರೆ ಪಂಪ್ ಹೆಚ್ಚು ಬೇಕಾಗಿರುವುದೇ ರಾತ್ರಿ. ಸದ್ದು ನಿಲ್ಲಿಸುವುದಕ್ಕೆ ಬೇರೆ ದಾರಿಗಳಿವೆ, ಬಹಳಷ್ಟು ಕೆಲಸ ಪೈಪ್ ಅಂಗಡಿಯ ಸಾಮಾನಿನಲ್ಲೇ ಆಗುತ್ತದೆ.

ಇಲ್ಲಿ ಸಂಪ್ ಅಂದರೆ ಮನೆ ಮುಂದೆ ನೆಲದೊಳಗಿರುವ ನೀರಿನ ಸಂಪಲ್ಲ, ಟ್ಯಾಂಕಿನ ಕೆಳಗೆ ಕ್ಯಾಬಿನೆಟ್ಟಿನಲ್ಲಿ ಇಡುವ ಚಿಕ್ಕ ಗಾಜಿನ ತೊಟ್ಟಿ. ಟ್ಯಾಂಕಿನ ನೀರು ಓವರ್‌ಫ್ಲೋ ಬಾಕ್ಸಿನ ಹಲ್ಲಿನಂಥ ಅಂಚು ದಾಟಿ, ಪೈಪಿನಲ್ಲಿ ಸಂಪಿಗೆ ಇಳಿಯುತ್ತದೆ. ಅಲ್ಲಿಂದ ಪಂಪ್ ಅದನ್ನು ರಿಟರ್ನ್ ಪೈಪಿನಲ್ಲಿ ಮತ್ತೆ ಟ್ಯಾಂಕಿಗೆ ಏರಿಸುತ್ತದೆ. ಲೆಕ್ಕಗಳಿಗೆಲ್ಲ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕನ್ನೇ ಇಟ್ಟುಕೊಂಡಿದ್ದೇನೆ. ಅದರಲ್ಲಿ ಸುಮಾರು 250 ಲೀಟರ್ ನೀರು ಹಿಡಿಯುತ್ತದೆ.

ಸದ್ದು ಯಾಕೆ ಬರುತ್ತದೆ

ಪೈಪಿನ ತುಂಬಾ ನೀರೇ ಇದ್ದರೆ ಅದು ಸದ್ದಿಲ್ಲದೆ ಹರಿಯುತ್ತದೆ. ಗಾಳಿ ಸೇರಿಕೊಂಡಾಗ ಗಲಾಟೆ ಶುರು. ತುಂಬಿದ ಬಾಟಲಿಯನ್ನು ಬೋರಲು ಹಿಡಿದರೆ ನೀರು ಹೊರಗೆ ಬರಬೇಕು, ಗಾಳಿ ಒಳಗೆ ಹೋಗಬೇಕು, ಎರಡೂ ಒಂದೇ ಬಾಯಲ್ಲಿ ನುಗ್ಗಾಡಿ ಗುಳುಗುಳು ಅನ್ನುತ್ತದೆ ಅಲ್ವಾ? ಓವರ್‌ಫ್ಲೋ ಪೈಪಿನಲ್ಲಿ ಆಗುವುದೂ ಅದೇ. ಹಾಗಾಗಿ ಪರಿಹಾರ ಎರಡೇ. ಒಂದು, ಗಾಳಿಗೆ ಅದರದೇ ಆದ ದಾರಿ ಮಾಡಿಕೊಡುವುದು. ಎರಡು, ಪೈಪಿಗೆ ಗಾಳಿ ಹೋಗದಂತೆ ನೋಡಿಕೊಳ್ಳುವುದು. ಮುಂದೆ ಹೇಳುವ ಪೈಪಿನ ಕೆಲಸವೆಲ್ಲ ಈ ಎರಡರಲ್ಲಿ ಒಂದು.

ಆದರೆ ಸದ್ದು ಇಳಿಸುವ ಆತುರದಲ್ಲಿ ನೀರು ನೆಲಕ್ಕೆ ಚೆಲ್ಲುವ ದಾರಿ ಮಾಡಿಕೊಳ್ಳಬಾರದು. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಟ್ಯಾಂಕ್ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಸದ್ದಿನ ಜಾಗ ಹುಡುಕಿ

ಫ್ಯಾನು ಆಫ್ ಮಾಡಿ ಟ್ಯಾಂಕಿನ ಹತ್ತಿರ ಸ್ವಲ್ಪ ಹೊತ್ತು ಸುಮ್ನೆ ಕೂತು ಕೇಳಿ. ಓವರ್‌ಫ್ಲೋ ಬಾಕ್ಸಿನ ಬಾಯಿಗೆ ಒಂದು ದಪ್ಪ ಟವೆಲ್ ಮುಚ್ಚಿ ನೋಡಿ. ಸದ್ದು ಅರ್ಧಕ್ಕರ್ಧ ಇಳಿದರೆ ಅದು ನೀರು ಬಾಕ್ಸಿನೊಳಗೆ ಬೀಳುವ ಸದ್ದು. ಕ್ಯಾಬಿನೆಟ್ಟಿನ ಬಾಗಿಲು ತೆಗೆದರೆ ಜಾಸ್ತಿಯಾಗಿ, ಮುಚ್ಚಿದರೆ ಕಮ್ಮಿಯಾದರೆ ಅದು ಸಂಪಿನದು. ಸೊರ್ರನೆ ಎಳೆಯುವ ಶಬ್ದ ಬಂದು ಹೋಗಿ ಮಾಡುತ್ತಿದ್ದರೆ, ಅದರ ಜೊತೆಗೆ ಬಾಕ್ಸಿನ ನೀರಿನ ಮಟ್ಟವೂ ಏರಿ ಇಳಿಯುತ್ತಿದ್ದರೆ, ಪೈಪಿನದು. ಒಂದೇ ಸಮನೆ ಗುಂಯ್ ಅನ್ನುತ್ತಿದ್ದು, ಕ್ಯಾಬಿನೆಟ್ಟಿನ ಹಲಗೆಗೆ ಅಂಗೈ ಇಟ್ಟಾಗ ನಡುಕ ಸಿಕ್ಕರೆ ಪಂಪಿನದು. ಬಹಳ ಮನೆಗಳಲ್ಲಿ ಎರಡು ಮೂರು ಸದ್ದು ಸೇರಿಕೊಂಡಿರುತ್ತವೆ. ಜೋರಾಗಿರುವುದನ್ನು ಮೊದಲು ಹಿಡಿಯಿರಿ.

ನೀರಿಗೆ ಕೈ ಹಾಕುವ ಮುಂಚೆ ಪಂಪ್, ಹೀಟರ್ ಎರಡರ ಪ್ಲಗ್ಗೂ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ನೀರಿನ ಓಟ ಅಳೆಯಿರಿ

ಅಂಗಡಿಯವರು ಸಾಮಾನ್ಯವಾಗಿ ಬೇಕಾದ್ದಕ್ಕಿಂತ ದೊಡ್ಡ ಪಂಪ್ ಕೊಡುತ್ತಾರೆ. ಸಂಪಿನ ಮೂಲಕ ಗಂಟೆಗೆ ಟ್ಯಾಂಕಿನ ಮೂರರಿಂದ ಐದು ಪಟ್ಟು ನೀರು ಹರಿದರೆ ಸಾಕು ಎಂಬುದು ಹವ್ಯಾಸಿಗಳಲ್ಲಿ ನಡೆದು ಬಂದ ಲೆಕ್ಕ. ನಮ್ಮ 250 ಲೀಟರ್ ಟ್ಯಾಂಕಿಗೆ 750ರಿಂದ 1,250 ಲೀಟರ್. ಮೀನಿಗೆ ಇನ್ನೂ ಜೋರು ಹರಿವು ಬೇಕಿದ್ದರೆ ಟ್ಯಾಂಕಿನೊಳಗೇ ನೀರು ತಳ್ಳುವ ಪುಟ್ಟ ಪಂಪ್, ಅಂದರೆ ಒಂದು ಪವರ್‌ಹೆಡ್ ಇಡಿ. ಅದು ಓವರ್‌ಫ್ಲೋ ಮೇಲೆ ಭಾರ ಹಾಕುವುದಿಲ್ಲ.

ಪಂಪಿನ ಡಬ್ಬದ ಮೇಲಿನ ಅಂಕಿ ನಂಬಬೇಡಿ, ನೀರು ಮೇಲೆ ಏರುವಾಗ ಅದು ಇಳಿಯುತ್ತದೆ. ರಿಟರ್ನ್ ಪೈಪಿನ ನೀರನ್ನು ಟ್ಯಾಂಕಿನ ಎತ್ತರದಲ್ಲೇ 10 ಲೀಟರಿನ ಬಕೆಟ್ಟಿಗೆ ಹಿಡಿದು, ಮೊಬೈಲಿನಲ್ಲಿ ಸಮಯ ನೋಡಿ. 40 ಸೆಕೆಂಡಿಗೆ ತುಂಬಿದರೆ ಗಂಟೆಗೆ 900 ಲೀಟರ್. 20 ಸೆಕೆಂಡಿಗೇ ತುಂಬಿದರೆ 1,800, ನಮ್ಮ ಟ್ಯಾಂಕಿಗೆ ಅದು ಜಾಸ್ತಿ. ಪಂಪಿನಲ್ಲಿ ವೇಗ ಇಳಿಸುವ ಗುಂಡಿ ಇದ್ದರೆ ಇಳಿಸಿ. ಇಲ್ಲದಿದ್ದರೆ ರಿಟರ್ನ್ ಪೈಪಿಗೆ ಒಂದು ಬಾಲ್ ವಾಲ್ವ್ ಹಾಕಿ ಸ್ವಲ್ಪ ಮುಚ್ಚಿ. ಇಷ್ಟಕ್ಕೇ ಸದ್ದು ಸಹಿಸುವ ಮಟ್ಟಕ್ಕೆ ಬಂದರೆ ಪೈಪ್ ಕತ್ತರಿಸುವ ಕೆಲಸವೇ ಇರುವುದಿಲ್ಲ.

ಬಾಕ್ಸಿನೊಳಗೆ ಬೀಳುವ ನೀರು

ಓವರ್‌ಫ್ಲೋ ಬಾಕ್ಸಿನ ಹಲ್ಲು ದಾಟಿದ ನೀರು ಒಳಗೆ ಒಂದು ಅಡಿ ಕೆಳಗೆ ಬಿದ್ದರೆ ಜಲಪಾತದ ಸದ್ದೇ ಬರುತ್ತದೆ. ಬಾಕ್ಸಿನ ಒಳಗಿನ ನೀರನ್ನೂ ಮೇಲಕ್ಕೆ ತನ್ನಿ. ಹಲ್ಲಿನ ಅಂಚಿಗಿಂತ ಒಂದೆರಡು ಇಂಚಷ್ಟೇ ಕೆಳಗೆ ನೀರು ನಿಂತರೆ ಬೀಳುವ ಸದ್ದು ಹೆಚ್ಚುಕಡಿಮೆ ಮಾಯ. ಬಾಕ್ಸಿನೊಳಗೆ ನಿಂತಿರುವ ಪೈಪಿನ ಎತ್ತರ ಹೆಚ್ಚಿಸಿದರೆ ಮಟ್ಟ ತಾನಾಗಿ ಏರುತ್ತದೆ. ಬಾಕ್ಸಿನ ಮೇಲೆ ಒಂದು ಅಕ್ರಿಲಿಕ್ ಮುಚ್ಚಳ ಇಟ್ಟರೆ ಇನ್ನಷ್ಟು ಒಳ್ಳೆಯದು.

ಬಾಕ್ಸಿಗೆ ಸ್ಪಂಜು ತುರುಕಿ ಎಂದು ಹೇಳುವವರಿದ್ದಾರೆ. ಮೊದಲ ವಾರ ಅದು ಚೆನ್ನಾಗೇ ಕೆಲಸ ಮಾಡುತ್ತದೆ. ಆಮೇಲೆ ಕಸ ಕಟ್ಟಿಕೊಂಡು ನೀರು ಇಳಿಯುವುದಿಲ್ಲ, ಟ್ಯಾಂಕ್ ತುಂಬಿ ಚೆಲ್ಲುತ್ತದೆ. ನಾನಂತೂ ಇದನ್ನು ಯಾರಿಗೂ ಹೇಳುವುದಿಲ್ಲ.

ಒಂದೇ ಪೈಪ್ ಇದ್ದರೆ: ಡರ್ಸೋ

ನಮ್ಮಲ್ಲಿ ಅಂಗಡಿಯವರು ಮಾಡಿಕೊಡುವ ಟ್ಯಾಂಕುಗಳಲ್ಲಿ ಸಾಮಾನ್ಯವಾಗಿ ಕೆಳಗೆ ಇಳಿಯುವ ಪೈಪ್ ಒಂದೇ ಇರುತ್ತದೆ. ಅಂಥವರಿಗೆ ಅಮೆರಿಕದ ಹವ್ಯಾಸಿ ರಿಚರ್ಡ್ ಡರ್ಸೋ ಮಾಡಿದ ಪೈಪಿನ ವಿನ್ಯಾಸ ಸರಿಹೊಂದುತ್ತದೆ. ಇದರಲ್ಲಿ ನೀರಿನ ಬಾಯಿ ನೀರೊಳಗೆ ಮುಳುಗಿರುತ್ತದೆ, ಗಾಳಿ ಮೇಲಿನ ಬೇರೆ ತೂತಿನಿಂದ ಬರುತ್ತದೆ.

ಬೇಕಾದ ಸಾಮಾನು: ಒಂದೂಕಾಲು ಇಂಚಿನ ಪಿವಿಸಿ ಪೈಪ್, ಅದೇ ಅಳತೆಯ ಒಂದು ಟೀ, ಒಂದು ಎಲ್ಬೋ, ಒಂದು ಎಂಡ್ ಕ್ಯಾಪ್. ತಳದ ಟ್ಯಾಂಕ್ ನಿಪ್ಪಲ್ (ಗಾಜಿನ ತೂತಿಗೆ ಪೈಪ್ ಕೂರಿಸುವ ಜೋಡಣೆ) ಒಂದು ಇಂಚಿನದಾಗಿದ್ದರೆ ಒಂದು ರೆಡ್ಯೂಸರ್. ನಿಪ್ಪಲ್ಲಿಗಿಂತ ಮೇಲಿನ ಪೈಪ್ ಒಂದು ಅಳತೆ ದಪ್ಪ ಇರಲಿ. ನೀರು ಗೋಡೆ ಹಿಡಿದು ಇಳಿಯುತ್ತದೆ, ನಡುವೆ ಗಾಳಿಗೆ ಜಾಗ ಉಳಿಯುತ್ತದೆ.

ಪೈಪನ್ನು ನೇರ ನಿಲ್ಲಿಸಿ ತುದಿಗೆ ಟೀ ಹಾಕಿ. ಟೀಯ ಪಕ್ಕದ ಬಾಯಿಗೆ ಎಲ್ಬೋ ಹಾಕಿ, ಅದು ಕೆಳಮುಖವಾಗಿರಲಿ. ಅದರ ತುದಿಗೆ ಮೀನು, ಬಸವನಹುಳು ಹೋಗದ ಹಾಗೆ ಜಾಲರಿ ಇರಲಿ. ಟೀಯ ಮೇಲಿನ ಬಾಯಿಗೆ ಎಂಡ್ ಕ್ಯಾಪ್ ಹಾಕಿ ಅದರಲ್ಲಿ ಒಂದು ತೂತು ಕೊರೆಯಿರಿ. ಕ್ಯಾಪಿಗೆ ಸಾಲ್ವೆಂಟ್ ಹಾಕಬೇಡಿ, ಆಗಾಗ ತೆಗೆಯಬೇಕಾಗುತ್ತದೆ. ಬಾಕ್ಸಿನ ನೀರು ಹೆಚ್ಚುಕಡಿಮೆ ಟೀಯ ಪಕ್ಕದ ಬಾಯಿಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಟೀ ಎಷ್ಟು ಎತ್ತರದಲ್ಲಿ ಬರಬೇಕು ಎಂದು ಮೊದಲೇ ಅಳೆದು ಪೈಪ್ ಕತ್ತರಿಸಿ.

ಇನ್ನು ತೂತಿನ ವಿಷಯ. ಡರ್ಸೋ ಹಾಕಿದ ಮೇಲೂ ಸದ್ದು ಹೋಗಲಿಲ್ಲ ಎನ್ನುವವರು ಎಡವುವುದು ಇಲ್ಲೇ. ತೂತು ತೀರಾ ಚಿಕ್ಕದಾದರೆ ಗಾಳಿ ಸಾಲದೆ ಪೈಪು ಸೈಫನ್ ಆಗಿಬಿಡುತ್ತದೆ, ಅಂದರೆ ಪೂರ್ತಿ ನೀರು ತುಂಬಿಕೊಂಡು ಎಳೆಯತೊಡಗುತ್ತದೆ. ಬಾಕ್ಸಿನ ನೀರನ್ನು ಒಂದೇ ಏಟಿಗೆ ಎಳೆದುಕೊಂಡು ಸೊರ್ರ್ ಎಂದು ನಿಲ್ಲುತ್ತದೆ. ಮತ್ತೆ ತುಂಬುತ್ತದೆ, ಮತ್ತೆ ಎಳೆಯುತ್ತದೆ. ತೂತು ದೊಡ್ಡದಾದರೆ ಗಾಳಿ ಜಾಸ್ತಿ ನುಗ್ಗಿ ಒಂದೇ ಸಮನೆ ಗುಳುಗುಳು. ಎರಡು ಮೂರು ಮಿಲಿಮೀಟರ್ ಬಿಟ್‌ನಿಂದ ಶುರು ಮಾಡಿ, ಸೊರ್ರ್ ನಿಲ್ಲುವ ತನಕ ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡಿ. ಇದಕ್ಕಿಂತ ಸುಲಭದ ದಾರಿ ಎಂದರೆ, ತೂತಿಗೆ ಏರ್ ಪಂಪಿನ ತೆಳು ಟ್ಯೂಬ್ ಸಿಕ್ಕಿಸಿ, ಅದರ ತುದಿಗೆ ಪ್ಲಾಸ್ಟಿಕ್ಕಿನ ಪುಟ್ಟ ಏರ್ ವಾಲ್ವ್ ಹಾಕುವುದು. ಕೊರೆಯುವ ಬದಲು ತಿರುಗಿಸಿದರೆ ಸಾಕು.

ಇಲ್ಲೊಂದು ಎಚ್ಚರಿಕೆ. ಒಂದೇ ಪೈಪ್ ಇರುವ ಟ್ಯಾಂಕಿನಲ್ಲಿ ಆ ಪೈಪಿಗೆ ವಾಲ್ವ್ ಹಾಕಿ ಮುಚ್ಚಿ ಸದ್ದು ಇಳಿಸಲು ಹೋಗಬೇಡಿ. ಇವತ್ತು ಸರಿಯಾಗಿ ಕೂತಿರುತ್ತದೆ. ನಾಳೆ ಒಂದು ಎಲೆಯೋ ಬಸವನಹುಳುವೋ ವಾಲ್ವಿನ ಸಂದಿಯಲ್ಲಿ ಸಿಕ್ಕಿಕೊಂಡರೆ ಸಂಪಿನ ನೀರೆಲ್ಲ ಮೇಲೆ ಬಂದು ಕೋಣೆಯ ತುಂಬಾ ನೀರು.

ಎರಡು ಪೈಪ್ ಇದ್ದರೆ: ಹರ್ಬಿ

ಹೊಸದಾಗಿ ಟ್ಯಾಂಕ್ ಮಾಡಿಸುವವರು ಓವರ್‌ಫ್ಲೋ ಬಾಕ್ಸಿನಲ್ಲಿ ಎರಡು ತೂತು ಬಿಡಿಸಿಕೊಳ್ಳಿ. ಆಗುವುದಾದರೆ ಮೂರು. ಗಾಜು ಜೋಡಿಸುವ ಮುಂಚೆ ತೂತು ಕೊರೆಸುವುದು ಸುಲಭ, ಆಮೇಲೆ ಕಷ್ಟ. ಟಫನ್ಡ್ ಗಾಜಾದರೆ ಕೊರೆಯುವುದಕ್ಕೇ ಆಗುವುದಿಲ್ಲ, ಪುಡಿಪುಡಿಯಾಗುತ್ತದೆ. ಯಾವ ಗಾಜು ಎಂದು ಮೊದಲೇ ಕೇಳಿ.

ಎರಡು ಪೈಪಿನ ಈ ವಿಧಾನಕ್ಕೆ ಹವ್ಯಾಸಿಗಳು ಹರ್ಬಿ ಎನ್ನುತ್ತಾರೆ. ನನ್ನ ಮಟ್ಟಿಗೆ ಕಮ್ಮಿ ಖರ್ಚಿನಲ್ಲಿ ಇಷ್ಟು ಮೌನ ಕೊಡುವುದು ಇನ್ನೊಂದಿಲ್ಲ. ಮೊದಲ ಪೈಪಿಗೆ ಗಾಳಿಯೇ ಇಲ್ಲ, ಪೂರ್ತಿ ನೀರು, ಅಂದರೆ ಪೂರ್ಣ ಸೈಫನ್. ಅದರ ಬಾಯಿ ಬಾಕ್ಸಿನ ನೀರಿನ ಮಟ್ಟದಿಂದ ನಾಲ್ಕೈದು ಇಂಚಾದರೂ ಕೆಳಗಿರಬೇಕು. ಇಲ್ಲದಿದ್ದರೆ ಸುಳಿ ಎದ್ದು ಗಾಳಿ ಎಳೆಯುತ್ತದೆ. ಎರಡನೇ ಪೈಪ್ ಎತ್ತರದ್ದು, ಬಾಯಿ ತೆರೆದದ್ದು, ತುರ್ತಿಗೆ. ಅದಕ್ಕೆ ಯಾವ ಕಾರಣಕ್ಕೂ ವಾಲ್ವ್ ಬೇಡ. ಮೊದಲನೆಯದು ಕಟ್ಟಿಕೊಂಡರೆ ಪಂಪಿನ ಅಷ್ಟೂ ನೀರನ್ನು ಅದೊಂದೇ ಇಳಿಸುವಷ್ಟು ದಪ್ಪ ಇರಬೇಕು.

ಸೈಫನ್ ಪೈಪಿನ ಕೆಳ ತುದಿಯಲ್ಲಿ, ಸಂಪಿನ ಹತ್ತಿರ ಕೈಗೆ ಸಿಗುವ ಹಾಗೆ ಒಂದು ವಾಲ್ವ್ ಬೇಕು. ಪೈಪ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಬಾಲ್ ವಾಲ್ವ್. ಅದು ಕಾಲು ಸುತ್ತಿನಲ್ಲೇ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆ, ಕೂದಲೆಳೆಯಷ್ಟು ತಿರುಗಿಸಿದರೂ ನೀರಿನ ಮಟ್ಟ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಗೇಟ್ ವಾಲ್ವ್ ಹಲವು ಸುತ್ತು ತಿರುಗುವುದರಿಂದ ಬೇಕಾದಷ್ಟೇ ಹದ ಮಾಡಬಹುದು. ಆದರೆ ಹಿತ್ತಾಳೆ ಗೇಟ್ ವಾಲ್ವ್ ತರಬೇಡಿ. ಅದರಲ್ಲಿ ತಾಮ್ರ ಇರುತ್ತದೆ. ಸೀಗಡಿ, ಬಸವನಹುಳು, ಹವಳಗಳಿಗೆ ತಾಮ್ರ ವಿಷ. ಪ್ಲಾಸ್ಟಿಕ್ಕಿನದೇ ಬೇಕು ಎಂದು ಕೇಳಿ. ಬೆಂಗಳೂರಿನವರಾದರೆ ಪೈಪು, ಪಂಪುಗಳ ಅಂಗಡಿ ಸಾಲಾಗಿರುವ ಎಸ್‌ಜೆಪಿ ರಸ್ತೆಯಲ್ಲಿ ಹುಡುಕಿ ನೋಡಬಹುದು.

ಹದ ಮಾಡುವ ಕ್ರಮ ಹೀಗೆ:

1. ವಾಲ್ವ್ ಪೂರ್ತಿ ತೆರೆದು ಪಂಪ್ ಹಾಕಿ. ಪೈಪಿನೊಳಗಿನ ಗಾಳಿ ಬುಳುಬುಳು ಎಂದು ಹೊರಗೆ ಬರಲು ಬಿಡಿ.

2. ವಾಲ್ವನ್ನು ನಿಧಾನವಾಗಿ ಮುಚ್ಚುತ್ತಾ ಬನ್ನಿ. ಬಾಕ್ಸಿನ ನೀರು ಏರಲು ಶುರುವಾಗುತ್ತದೆ, ಗುಳುಗುಳು ಪಟ್ಟನೆ ನಿಲ್ಲುತ್ತದೆ.

3. ನೀರು ತುರ್ತು ಪೈಪಿನ ಬಾಯಿ ಮುಟ್ಟಿ, ಒಂದು ಸಣ್ಣ ಎಳೆಯಷ್ಟು ಅದರ ಗೋಡೆ ಹಿಡಿದು ಇಳಿಯುವ ಹಾಗೆ ಬಿಡಿ. ಇಷ್ಟು ನೀರು ಸದ್ದು ಮಾಡುವುದಿಲ್ಲ. ಪಂಪಿನ ವೇಗ ಸ್ವಲ್ಪ ಹೆಚ್ಚುಕಮ್ಮಿ ಆದರೂ ಈ ಎಳೆ ಸರಿದೂಗಿಸುತ್ತದೆ.

4. ಪ್ರತಿ ಸಲ ತಿರುಗಿಸಿದ ಮೇಲೆ ಹತ್ತು ಹದಿನೈದು ನಿಮಿಷ ಕಾಯಿರಿ. ಮಟ್ಟ ನಿಲ್ಲಲು ಅಷ್ಟು ಹೊತ್ತು ಬೇಕು.

5. ಸರಿಯಾದ ಮೇಲೆ ವಾಲ್ವಿನ ಹಿಡಿಯ ಮೇಲೆ ಮಾರ್ಕರಿನಿಂದ ಒಂದು ಗೆರೆ ಹಾಕಿಡಿ.

ಮೂರು ತೂತು ಇದ್ದವರು ಬೀನ್‌ಅನಿಮಲ್ ಎಂಬ ವಿಧಾನ ಮಾಡಿಕೊಳ್ಳಬಹುದು. ಒಂದು ಪೂರ್ಣ ಸೈಫನ್, ಒಂದು ಸ್ವಲ್ಪವೇ ನೀರು ಇಳಿಯುವ ಗಾಳಿ ಪೈಪ್, ಒಂದು ತುರ್ತಿನದು. ಗಾಳಿ ಪೈಪಿನ ತಲೆಗೆ ಸಿಕ್ಕಿಸಿದ ತೆಳು ಟ್ಯೂಬಿನ ಇನ್ನೊಂದು ತುದಿ ಬಾಕ್ಸಿನ ನೀರಿನ ಮೇಲೆ ನೇತಾಡುತ್ತಿರುತ್ತದೆ. ನೀರು ಏರಿ ಆ ತುದಿ ಮುಳುಗಿದರೆ ಗಾಳಿ ನಿಂತು ಆ ಪೈಪೂ ಸೈಫನ್ ಆಗಿ ನೀರು ಎಳೆಯುತ್ತದೆ. ಮಟ್ಟ ತಾನೇ ಸರಿಯಾಗುತ್ತದೆ. ಊರಿಗೆ ಹೋಗಿ ವಾರಗಟ್ಟಲೆ ಮನೆ ಬೀಗ ಹಾಕುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಸಂಪಿನ ಕಡೆ

ಸೈಫನ್ ಪೈಪಿನ ತುದಿ ಸಂಪಿನ ನೀರಿನಲ್ಲಿ ಸುಮಾರು ಒಂದು ಇಂಚು ಮುಳುಗಿರಲಿ. ಮೇಲಿದ್ದರೆ ಸುರಿಯುವ ಸದ್ದು. ತುಂಬಾ ಆಳ ಮುಳುಗಿಸಿದರೆ ಕರೆಂಟು ಹೋಗಿ ಬಂದಾಗ ಪೈಪಿನೊಳಗಿನ ಗಾಳಿಗೆ ಹೊರಗೆ ಬರಲು ಆಗುವುದಿಲ್ಲ, ಸೈಫನ್ ಶುರುವಾಗುವುದಿಲ್ಲ. ತುರ್ತು ಪೈಪಿನ ತುದಿಯನ್ನು ಮಾತ್ರ ಬೇಕೆಂದೇ ನೀರಿನ ಮೇಲೆ ಬಿಡಿ. ಅದು ಸದ್ದು ಮಾಡಿದರೆ ಮುಖ್ಯ ಪೈಪಿಗೆ ಏನೋ ಆಗಿದೆ ಎಂದು ಆ ಕೂಡಲೇ ಗೊತ್ತಾಗುತ್ತದೆ.

ಡರ್ಸೋ ಪೈಪಿನಲ್ಲಿ ನೀರಿನ ಜೊತೆ ಗಾಳಿಯೂ ಇಳಿಯುವುದರಿಂದ ಸಂಪಿನಲ್ಲಿ ಗುಳ್ಳೆ ಒಡೆಯುವ ಸದ್ದು ಬರುತ್ತದೆ. ಪೈಪ್ ನೀರಿಗೆ ಇಳಿಯುವ ಜಾಗದ ಸ್ವಲ್ಪ ಮೇಲೆ ಒಂದು ಟೀ ಹಾಕಿ, ಅದರ ಪಕ್ಕದ ಬಾಯಿಗೆ ಎಲ್ಬೋ ಮತ್ತು ಮೇಲ್ಮುಖವಾದ ಒಂದು ತುಂಡು ಪೈಪ್ ಕೊಡಿ. ಗಾಳಿ ಆ ಕಡೆ ಹೋಗುತ್ತದೆ. ಪೈಪಿನ ತುದಿಗೆ ಫಿಲ್ಟರ್ ಸಾಕ್ಸ್ (ನೀರು ಸೋಸುವ ಬಟ್ಟೆಯ ಚೀಲ) ಕಟ್ಟಿದರೂ ಗುಳ್ಳೆ ತಡೆಯುತ್ತದೆ, ಆದರೆ ತೊಳೆಯುವುದನ್ನು ಮರೆಯಬಾರದು.

ದಾರಿಯಲ್ಲಿ ಅಡ್ಡ ಮಲಗಿದ ಪೈಪ್ ಇದ್ದರೆ ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. 90 ಡಿಗ್ರಿ ಎಲ್ಬೋ ತೆಗೆದು 45 ಡಿಗ್ರಿಯವು ಎರಡು ಹಾಕಿ, ಪೈಪ್ ಇಳಿಜಾರಾಗಿ ಬರಲಿ. ಸುಕ್ಕು ಸುಕ್ಕಾದ ವಾಶ್‌ಬೇಸಿನ್ ಪೈಪ್ ಹಾಕಿದ್ದರೆ ಅದನ್ನು ತೆಗೆದುಬಿಡಿ.

ಕರೆಂಟು ತೆಗೆದು ನೋಡಿ

ಈ ಪರೀಕ್ಷೆ ಮಾಡದೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ನಮ್ಮಲ್ಲಿ ಕರೆಂಟು ಹೋಗಿ ಬರುವುದು ಸಾಮಾನ್ಯ. ಪಂಪ್ ನಿಂತಾಗ ಟ್ಯಾಂಕಿನ ಮೇಲಿನ ನೀರು ಸಂಪಿಗೆ ಇಳಿಯುತ್ತದೆ. ನಾಲ್ಕು ಅಡಿ, ಒಂದೂವರೆ ಅಡಿ ಟ್ಯಾಂಕಿನಲ್ಲಿ ಒಂದು ಇಂಚು ನೀರು ಎಂದರೆ ಸುಮಾರು 14 ಲೀಟರ್. ರಿಟರ್ನ್ ಪೈಪಿನ ಬಾಯಿ ನೀರಿನಲ್ಲಿ ನಾಲ್ಕು ಇಂಚು ಮುಳುಗಿದ್ದರೆ ಅದೂ ಸೈಫನ್ ಆಗಿ 50 ಲೀಟರಿಗಿಂತ ಜಾಸ್ತಿ ವಾಪಸ್ ತರುತ್ತದೆ. ಆ ಬಾಯಿಯನ್ನು ನೀರಿನ ಮಟ್ಟಕ್ಕೆ ಹತ್ತಿರ ಇಡಿ, ಅಥವಾ ನೀರಿನ ಮಟ್ಟದ ಸ್ವಲ್ಪ ಕೆಳಗೆ ಪೈಪಿಗೆ ನಾಲ್ಕೈದು ಮಿಲಿಮೀಟರ್ ತೂತು ಕೊರೆಯಿರಿ. ಬರೀ ನಾನ್ ರಿಟರ್ನ್ ವಾಲ್ವ್ ನಂಬಬೇಡಿ, ಪಾಚಿ ಕಟ್ಟಿದರೆ ಅದು ಮುಚ್ಚುವುದಿಲ್ಲ.

ಪ್ಲಗ್ ತೆಗೆಯಿರಿ, ನೀರು ಇಳಿಯುವುದು ನಿಲ್ಲುವ ತನಕ ಸಂಪ್ ನೋಡುತ್ತಿರಿ. ತುಂಬಿ ಚೆಲ್ಲುವ ಹಾಗಿದ್ದರೆ ಸಂಪಿನ ನೀರು ಕಡಿಮೆ ಮಾಡಿ. ಚೆಲ್ಲದಿದ್ದರೆ ಮತ್ತೆ ಪಂಪ್ ಹಾಕಿ, ಸೈಫನ್ ನಿಮ್ಮ ಕೈ ತಾಗದೆ ಶುರುವಾಗುತ್ತದಾ ನೋಡಿ. ಎಲ್ಲ ಸರಿಯಾಗಿ ಓಡುವಾಗ ಪಂಪಿನ ಕೋಣೆಯಲ್ಲಿ, ಅಂದರೆ ಸಂಪಿನಲ್ಲಿ ಪಂಪ್ ಇರುವ ಭಾಗದಲ್ಲಿ, ನೀರು ಎಲ್ಲಿದೆಯೋ ಅಲ್ಲಿ ಹೊರಗಿನಿಂದ ಗೆರೆ ಹಾಕಿ. ಹರ್ಬಿ ಮಾಡಿದವರು ಒಮ್ಮೆ ವಾಲ್ವನ್ನು ಪೂರ್ತಿ ಮುಚ್ಚಿ, ತುರ್ತು ಪೈಪ್ ಒಂದೇ ಅಷ್ಟೂ ನೀರು ಇಳಿಸುತ್ತದಾ ನೋಡಲೇಬೇಕು.

ಗಾಜಿಗೆ ತೂತು ಕೊರೆಯದೆ ಅಂಚಿಗೆ ನೇತುಹಾಕುವ, ಯು ಆಕಾರದ ಟ್ಯೂಬಿನ ಓವರ್‌ಫ್ಲೋಗಳೂ ಸಿಗುತ್ತವೆ. ಆ ಟ್ಯೂಬಿನಲ್ಲಿ ಗುಳ್ಳೆ ಸೇರುತ್ತಾ ಹೋಗಿ ಒಂದು ದಿನ ಸೈಫನ್ ಕಡಿಯುತ್ತದೆ. ಪಂಪ್ ಮಾತ್ರ ನೀರು ಏರಿಸುತ್ತಲೇ ಇರುತ್ತದೆ. ಕರೆಂಟು ಪದೇ ಪದೇ ಹೋಗುವ ಊರಿಗೆ ಅವು ಬೇಡ.

ಪಂಪಿನ ಗುಂಯ್

ನೀರಿನ ಸದ್ದು ನಿಂತ ಮೇಲೆ ಇದು ಎದ್ದು ಕೇಳುತ್ತದೆ. ಪಂಪಿನ ಅಡಿಗೆ ದಪ್ಪ ಸ್ಪಂಜಿನ ತುಂಡು, ಸಂಪಿನ ಅಡಿಗೆ ಥರ್ಮಾಕೋಲ್ ಅಥವಾ ಹಳೆಯ ಯೋಗ ಮ್ಯಾಟ್ ಇಡಿ. ಪಂಪು ಸಂಪಿನ ಗೋಡೆಗೆ ತಾಗಬಾರದು. ಪಂಪಿಗೂ ಗಟ್ಟಿ ಪಿವಿಸಿ ಪೈಪಿಗೂ ನಡುವೆ ಅರ್ಧ ಅಡಿ ಮೆತ್ತನೆಯ ಸಿಲಿಕಾನ್ ಟ್ಯೂಬ್ ಹಾಕಿ ಕ್ಲಿಪ್ ಬಿಗಿದರೆ ನಡುಕ ಮೇಲಕ್ಕೆ ಹತ್ತುವುದಿಲ್ಲ. ಗರಗರ ಅನ್ನುತ್ತಿದ್ದರೆ ಪಂಪಿನೊಳಗೆ ತಿರುಗುವ ರೆಕ್ಕೆ, ಅಂದರೆ ಇಂಪೆಲ್ಲರ್ ಬಿಚ್ಚಿ ನೋಡಿ. ಬೋರ್‌ವೆಲ್ಲಿನ ಗಡಸು ನೀರಾದರೆ ಬಿಳಿ ಸುಣ್ಣ ಕಟ್ಟಿರುತ್ತದೆ. ಬಿಳಿ ವಿನಿಗರ್ ಮತ್ತು ನೀರು ಸಮಸಮ ಬೆರೆಸಿ ಅರ್ಧ ಗಂಟೆ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಕ್ಯಾಬಿನೆಟ್ಟಿಗೆ ಫೋಮ್ ಅಂಟಿಸುವುದಾದರೆ ಗಾಳಿಯಾಡುವ ಕಿಂಡಿ ಬಿಟ್ಟು ಅಂಟಿಸಿ. ಪೂರ್ತಿ ಮುಚ್ಚಿದರೆ ತೇವಕ್ಕೆ ಹಲಗೆ ಉಬ್ಬುತ್ತದೆ.

ಸದ್ದು ಇಳಿದ ಮೇಲೆ

ಗಾಳಿ ಮತ್ತು ನೀರು ಬೆರೆಯುವುದು ಕಮ್ಮಿಯಾದರೆ ಆಮ್ಲಜನಕ ಸೇರುವುದೂ ಸ್ವಲ್ಪ ಕಮ್ಮಿಯಾಗುತ್ತದೆ. ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಬಿಡುವವರಿಗೆ ಇದರಿಂದ ಲಾಭ, ಅನಿಲ ಹೊರಗೆ ಹೋಗುವುದು ತಗ್ಗುತ್ತದೆ. ಆದರೆ ನಮ್ಮ ಪಶ್ಚಿಮ ಘಟ್ಟದ ಹೊಳೆಗಳಿಂದ ಬಂದ ಡೆನಿಸನ್ ಬಾರ್ಬ್‌ನಂಥ ಮೀನು ಸಾಕಿದವರು ಗಮನಿಸಬೇಕು. ಅದಕ್ಕೆ ಓಡುವ ನೀರು, ಜಾಸ್ತಿ ಆಮ್ಲಜನಕ ಬೇಕು. ರಿಟರ್ನ್ ಬಾಯಿಯನ್ನು ಸ್ವಲ್ಪ ಮೇಲ್ಮುಖ ಮಾಡಿ, ಟ್ಯಾಂಕಿನ ನೀರಿನ ಮೇಲ್ಮೈ ಸದಾ ಅಲುಗಾಡುತ್ತಿರಲಿ. ಬೆಳಗಿನ ಹೊತ್ತು ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಹರಿವು ಹೆಚ್ಚಿಸಿ. ಡೆನಿಸನ್ ಬಾರ್ಬ್ ನೀರಿನಿಂದ ಹೊರಕ್ಕೆ ಜಿಗಿಯುವ ಮೀನು ಕೂಡ, ಓವರ್‌ಫ್ಲೋ ಬಾಕ್ಸಿನ ಮುಚ್ಚಳ ತೆಗೆದಿಡಬೇಡಿ.

ಎಷ್ಟೋ ದಿನ ಸುಮ್ಮನಿದ್ದ ಟ್ಯಾಂಕ್ ಮತ್ತೆ ಸದ್ದು ಮಾಡಿದರೆ ಮೊದಲು ಪಂಪಿನ ಕೋಣೆಯ ಗೆರೆ ನೋಡಿ. ಬೇಸಿಗೆಯಲ್ಲಿ ನೀರು ಆವಿಯಾಗಿ ಮಟ್ಟ ಇಳಿಯುವುದು ಅಲ್ಲೇ. ಕೋಣೆಯಿಂದ ಕೋಣೆಗೆ ಬೀಳುವ ನೀರು ಸದ್ದು ಮಾಡುತ್ತದೆ, ಪಂಪು ಗಾಳಿ ಎಳೆದು ಸುಯ್ ಅನ್ನುತ್ತದೆ. ಕ್ಲೋರಿನ್ ತೆಗೆದ ನೀರನ್ನು ಗೆರೆ ತನಕ ತುಂಬಿಸಿದರೆ ಸಾಕು. ಗೆರೆ ಸರಿ ಇದ್ದರೆ ಬಾಕ್ಸಿನ ಜಾಲರಿಯಲ್ಲಿ ಕಸ ಇದೆಯಾ ನೋಡಿ, ಡರ್ಸೋ ಕ್ಯಾಪಿನ ತೂತಿಗೆ ಒಂದು ಸೂಜಿ ಹಾಕಿ ತೆಗೆಯಿರಿ. ಹರ್ಬಿಯಾದರೆ ತಿಂಗಳಿಗೊಮ್ಮೆ ವಾಲ್ವನ್ನು ಪೂರ್ತಿ ತೆರೆದು ಒಳಗಿನ ಕೊಳೆ ಹೋದ ಮೇಲೆ ಮಾರ್ಕರ್ ಗೆರೆಗೆ ವಾಪಸ್ ತನ್ನಿ.